ಮೂಗಿನ ಅಳತೆ

ಮೂಡಲಪಾಳ್ಯ
ಭಾನುವಾರ, 19 ಜನವರಿ 2025

ಚಿ. ಸೌ. ಸಿಂಚನಾಳಿಗೆ ಅಮ್ಮನ ಆಶೀರ್ವಾದಗಳು.

ಕಾಗದದ ಮೊದಲ ಸಾಲಿನಲ್ಲಿ ನಾನು ಕ್ಷೇಮ ಎಂದು ಬರೆಯುವುದು ರೂಢಿ. ಜ್ವರ ಬಂದು ಮಲಗಿದವರೂ ಹಾಗೇ ಬರೆಯುತ್ತಾರೆ. ನಾನು ಈ ಸಲ ಬಾಯಿಮಾತಿಗೆ ಬರೆಯುತ್ತಿಲ್ಲ. ನಾನು ಕ್ಷೇಮ ಎನ್ನುವುದಕ್ಕೆ ನನ್ನ ಹತ್ತಿರ ಹದಿನಾರು ದಿನದ ದಾಖಲೆ ಇದೆ, ಮುಂದೆ ಹೇಳುತ್ತೇನೆ. ಮೊದಲು ಇದನ್ನು ಅರ್ಧಕ್ಕೆ ಮಡಚಿಡದೆ ಪೂರ್ತಿ ಓದು.

ಕೆಂಗೇರಿಗೂ ಮೂಡಲಪಾಳ್ಯಕ್ಕೂ ಒಂದು ಗಂಟೆಯ ದಾರಿಯೂ ಇಲ್ಲ, ಅಷ್ಟಕ್ಕೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನೀನು ನಗಬಹುದು. ಏನು ಮಾಡಲಿ, ಫೋನು ಮಾಡಿದರೆ ನೀನು ಎತ್ತುವುದಿಲ್ಲ. ವಾಟ್ಸಾಪ್‌ನಲ್ಲಿ ಎರಡು ನೀಲಿ ಗೀಟು ಬರುತ್ತದೆ, ಉತ್ತರ ಬರುವುದಿಲ್ಲ. ಡಿಸೆಂಬರಿನಲ್ಲಿ ಚಕ್ಕುಲಿ ಡಬ್ಬಿ ಹಿಡಿದುಕೊಂಡು ಮನೆಗೇ ಬಂದೆ. ನಿಮ್ಮ ಅತ್ತೆಯವರು ಕಾಫಿ ಕೊಟ್ಟು, "ಈಗ ತಾನೇ ಮಲಗಿದಾಳೆ" ಅಂದರು. ಒಳಗಿನ ಕೋಣೆಯಿಂದ ನಿನ್ನ ಗಾಜಿನ ಬಳೆಗಳ ಸದ್ದು ಬರುತ್ತಿತ್ತು. ಮಲಗಿದವರ ಬಳೆ ಅಷ್ಟು ಸದ್ದು ಮಾಡುವುದಿಲ್ಲ. ನಾನು ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದೆ.

ನಿನ್ನ ಕೋಪ ನ್ಯಾಯವಾದದ್ದೇ. ಮದುವೆಯಾದ ನಾಲ್ಕು ವರ್ಷದ ಮೇಲೆ ನಿಂತ ಬಸಿರು. ಸೀಮಂತದ ದಿನ ಮಡಿಲು ತುಂಬುವುದಕ್ಕೆ ಮೊದಲು ಹೆತ್ತ ತಾಯಿ ಬರಲಿ ಎಂದು ಪುರೋಹಿತರು ಕರೆದಾಗ, ಆ ಹೆತ್ತ ತಾಯಿ ಮೊದಲನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದಳು. ನೀನು ಮೂರು ಸಲ "ಅಮ್ಮಾ" ಎಂದು ಕರೆದೆಯಂತೆ. ಬೀಗರ ಕಡೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಯಾರೋ ವಿಡಿಯೋ ಕೂಡ ಮಾಡಿಕೊಂಡರು. ಎಚ್ಚರವಾದಾಗ ನಾನು ನೋಡಿದ್ದು ನಿನ್ನ ಮುಖ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅದೂ ಸಾಲದು ಎಂಬಂತೆ ಅದೇ ಸಂಜೆ ನಿಮ್ಮ ಅತ್ತೆಯವರ ಎದುರಿಗೆ, ಬಾಣಂತನ ನಮ್ಮಲ್ಲಿ ಆಗುವುದಿಲ್ಲ, ನೀವೇ ಮಾಡಿಕೊಳ್ಳಿ, ಡಿಸೆಂಬರ್ ಜನವರಿ ಪೂರ್ತಿ ಮದುವೆ ಬ್ಲೌಸುಗಳ ರಾಶಿ ಬಿದ್ದಿದೆ ಎಂದುಬಿಟ್ಟೆ. ನೀನು ಕೇಳಿದ್ದು ಒಂದೇ ಮಾತು. "ಧನುರ್ಮಾಸದಲ್ಲಿ ಯಾರ ಮದುವೆ ಇಟ್ಕೊಂಡಿದಾರಮ್ಮಾ?" ಆಮೇಲೆ ಮಾತೇ ನಿಂತುಹೋಯಿತು. ಸುಳ್ಳು ಹೇಳುವುದಕ್ಕೂ ಪಂಚಾಂಗ ನೋಡಬೇಕೆಂದು ನನಗೆ ಹೊಳೆಯಲಿಲ್ಲ ಪುಟ್ಟೀ.

ಈಗ ನಿಜ ಹೇಳುತ್ತೇನೆ. ನಮ್ಮ ಮೇಲಿನ ಮನೆಯ ಲಕ್ಷ್ಮಿಯನ್ನು ನೀನು ಬಲ್ಲೆ, ಸಿಂಧನೂರಿನ ಕಡೆಯವಳು, ಗಂಡ ವೀರೇಶ ಬೈಕಿನಲ್ಲಿ ಊಟ ಡೆಲಿವರಿ ಮಾಡುತ್ತಾನೆ. ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ ಅವಳು ತನ್ನ ಏಳು ತಿಂಗಳ ಕೂಸನ್ನು ನನ್ನ ಮಡಿಲಲ್ಲಿ ಬಿಟ್ಟು ಒಣಗಿದ ಬಟ್ಟೆ ತರಲು ಮಹಡಿಗೆ ಹೋದಳು. ಐದು ನಿಮಿಷವೂ ಆಗಿರಲಿಕ್ಕಿಲ್ಲ. ನಾನು ಕೂತಲ್ಲೇ ನಿದ್ದೆ ಹೋದೆ. ಕೂಸು ತೊಡೆಯಿಂದ ಜಾರಿ ಕೆಳಗೆ ಬಿತ್ತು. ಕೆಳಗೆ ಚೂರು ಬಟ್ಟೆಯ ರಾಶಿ ಇದ್ದುದರಿಂದ ಅದಕ್ಕೆ ಏನೂ ಆಗಲಿಲ್ಲ. ಆ ರಾಶಿಯಿಂದ ಒಂದು ಗೇಣು ದೂರದಲ್ಲಿ ನನ್ನ ದೊಡ್ಡ ಕತ್ತರಿ ಬಾಯಿ ತೆರೆದುಕೊಂಡು ಬಿದ್ದಿತ್ತು.

ಲಕ್ಷ್ಮಿ ಒಂದು ಮಾತು ಬೈಯಲಿಲ್ಲ. "ನೀವು ಮಲಗಿದಾಗ ಉಸುರು ನಿಂತಂಗ ಆಗಿತ್ರೀ ಅಕ್ಕಾರ, ಒಮ್ಮೆ ಡಾಕ್ಟರಿಗೆ ತೋರಸ್ರಿ" ಅಂದಳು, ಅಷ್ಟೇ. ಆದರೆ ಮರುದಿನದಿಂದ ಕೂಸು ಕೆಳಗೆ ಬರುವುದು ನಿಂತಿತು. ಯಾವಾಗ ಕೇಳಿದರೂ "ಮಲಗೈತ್ರಿ" ಅನ್ನುತ್ತಿದ್ದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ.

ಈಗ ಹೇಳು, ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಯಾಕೆ ಬರುತ್ತಾರೆ? ಮೆಣಸಿನ ಸಾರು, ಎಣ್ಣೆನೀರು ಎಲ್ಲಿ ಬೇಕಾದರೂ ಸಿಗುತ್ತದೆ. ನಾಲ್ಕು ರಾತ್ರಿ ನಿದ್ದೆಗೆಟ್ಟ ಬಾಣಂತಿ ಐದನೇ ದಿನ ಕೂಸನ್ನು ಅಮ್ಮನ ಕೈಗೆ ಕೊಟ್ಟು ಧೈರ್ಯವಾಗಿ ಕಣ್ಣು ಮುಚ್ಚಬಹುದು, ಅದಕ್ಕೇ ಬರುವುದು. ಆ ಧೈರ್ಯವನ್ನು ಕೊಡಲು ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ನನಗೆ ಗೊತ್ತಾಗಿತ್ತು. ಹಾಗೆಂದು ಬೀಗರ ಎದುರು ಹೇಳುವುದಕ್ಕಿಂತ ಬ್ಲೌಸಿನ ಮೇಲೆ ಹಾಕುವುದು ಸುಲಭವಾಗಿತ್ತು.

ಸೀಮಂತದ ಮರುವಾರ ವೀರೇಶನ ಬೈಕಿನ ಹಿಂದೆ ಕೂತು ವಿಜಯನಗರದ ಡಾಕ್ಟರ ಹತ್ತಿರ ಹೋದೆ. ಬೆರಳಿಗೊಂದು ಕ್ಲಿಪ್ಪು, ಎದೆಗೊಂದು ಪಟ್ಟಿ ಕೊಟ್ಟು, ಇದನ್ನು ಕಟ್ಟಿಕೊಂಡು ನಿಮ್ಮ ಮನೆಯಲ್ಲೇ ಮಲಗಿ ಅಂದರು. ಕಾಯಿಲೆಗೆ ಸ್ಲೀಪ್ ಆಪ್ನಿಯಾ ಎಂದು ಹೆಸರಂತೆ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ, ಮೈ ಬೆಚ್ಚಿಬಿದ್ದು ಮತ್ತೆ ಉಸಿರೆಳೆದುಕೊಳ್ಳುತ್ತದೆ. ನನಗೆ ಗಂಟೆಗೆ ಮೂವತ್ತೆಂಟು ಸಲ ಹಾಗಾಗುತ್ತಿತ್ತು. ಎಷ್ಟೋ ವರ್ಷದಿಂದ ನಾನು ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡಿದ್ದೇನೆಯೇ ಹೊರತು ನಿದ್ದೆ ಮಾಡಿಯೇ ಇಲ್ಲ. ನಾನು ಅದನ್ನು ವಯಸ್ಸು ಎಂದುಕೊಂಡಿದ್ದೆ, ನೀನು ಅಸಡ್ಡೆ ಎಂದುಕೊಂಡೆ.

ಇದಕ್ಕೆ ಮಾತ್ರೆ ಇಲ್ಲ. ಟಿಫನ್ ಡಬ್ಬಿಯಷ್ಟು ದೊಡ್ಡ ಯಂತ್ರವೊಂದನ್ನು ಕೊಡುತ್ತಾರೆ. ಅದು ಕೊಳವೆಯ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಕೊಳವೆಯ ತುದಿಗೆ ಮುಖಕ್ಕೆ ಹಾಕಿಕೊಳ್ಳುವ ಮಾಸ್ಕು. ಯಂತ್ರ ಯಾರಿಗಾದರೂ ಆಗುತ್ತದೆ, ಮಾಸ್ಕು ಮಾತ್ರ ಅವರವರ ಮುಖಕ್ಕೆ ಕೂಡಬೇಕು. ಅದನ್ನು ಹೊಂದಿಸಿ ಕೊಡುವವಳು ಕೀರ್ತನಾ ಎಂಬ ಹುಡುಗಿ, ನಿನಗಿಂತ ಎರಡು ವರ್ಷ ಚಿಕ್ಕವಳು. ಒಂದೊಂದನ್ನು ಕೆಲವು ದಿನ ಹಾಕಿಕೊಂಡು, ಎಲ್ಲಿ ಒತ್ತಿತು, ಎಲ್ಲಿ ಗಾಳಿ ಸೋರಿತು, ಬೆಳಿಗ್ಗೆ ಹೇಗಿತ್ತು ಎಂದು ಬರೆದು ತನ್ನಿ ಆಂಟಿ ಅಂದಳು. ಗಿರಾಕಿಗಳ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಲತಾ ಎಂದು ಬರೆದುಕೊಂಡೆ. ಇಪ್ಪತ್ತಾರು ವರ್ಷದಲ್ಲಿ ಆ ಪುಸ್ತಕದಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು.

ಬಾಯಿ ಬಿಟ್ಟುಕೊಂಡು ಮಲಗುವವಳು ಎಂದು ಮೊದಲು ಕೊಟ್ಟದ್ದು ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕು. ಪುಸ್ತಕದಲ್ಲಿ ಸೆಕೆ, ಭಾರ, ಗಲ್ಲದ ಹತ್ತಿರ ಸೋರುತ್ತದೆ ಎಂದು ಬರೆದಿದ್ದೇನೆ. ಎಲ್ಲ ನಿಜವೇ. ಬರೆಯದೆ ಬಿಟ್ಟದ್ದು ಇನ್ನೊಂದಿದೆ. ಹಾಕಿಕೊಂಡು ಕನ್ನಡಿ ನೋಡಿದಾಗ ನಿನ್ನ ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದ ಕೊನೆಯ ನಾಲ್ಕು ದಿನ ಕಣ್ಣ ಮುಂದೆ ಬಂತು. ಅವರೂ ಅಂಥದ್ದನ್ನೇ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದರು, ಮಾತಾಡಲು ಆಗುತ್ತಿರಲಿಲ್ಲ. ನಾನು ಅದನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಇಟ್ಟುಕೊಳ್ಳಲಿಲ್ಲ. ಆದರೆ ಎಷ್ಟು ಹೊತ್ತು ಹಾಕಿಕೊಂಡಿದ್ದೆವೆಂದು ಯಂತ್ರ ಬರೆದುಕೊಳ್ಳುತ್ತದೆಯಲ್ಲ, ಅದನ್ನು ಮೋಸ ಮಾಡಲು ಮಾಸ್ಕನ್ನು ದಿಂಬಿಗೆ ಕಟ್ಟಿ ಯಂತ್ರ ಓಡಲು ಬಿಟ್ಟು ಮಲಗಿದೆ. ವಾರದ ಕೊನೆಗೆ ಕೀರ್ತನಾ ಪರದೆ ನೋಡಿ, "ಆಂಟಿ, ಈ ಮೂರು ದಿನ ಯಾರಿಗೆ ಹಾಕಿದ್ರಿ? ಉಸಿರೇ ಇಲ್ಲ" ಅಂದಳು. ದಿಂಬಿಗೆ ಅಂದೆ. ಅವಳು ನಗಲಿಲ್ಲ, ಬೈಯಲೂ ಇಲ್ಲ. ಭಯವಾದರೆ ಮೊದಲು ಹಗಲು ಎಚ್ಚರವಾಗಿರುವಾಗ ಅರ್ಧ ಗಂಟೆ ಹಾಕಿಕೊಂಡು ಅಭ್ಯಾಸ ಮಾಡಿಕೊಳ್ಳಿ, ಟಿವಿ ನೋಡಿ, ಕೆಲಸ ಮಾಡಿ ಎಂದಳು. ಇದು ಒಳ್ಳೆಯ ಮಾತು, ನೆನಪಿಟ್ಟುಕೋ. ಮೂರು ದಿನದಲ್ಲಿ ಭಯ ಹೋಗುತ್ತದೆ.

ಎರಡನೆಯದು ಮೂಗಿನ ಹೊಳ್ಳೆಗಳಿಗೆ ಕೆಳಗಿನಿಂದ ಕೂರುವ ಎರಡು ಪುಟ್ಟ ರಬ್ಬರು. ಹೂವಿನಷ್ಟು ಹಗುರ. ಅದನ್ನು ಹಾಕಿಕೊಂಡು ಹಗಲು ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದಾಗ ಎದುರು ಮನೆಯ ಅಲಮೇಲು ಬ್ಲೌಸಿಗೆಂದು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಧೂಳಿನ ಅಲರ್ಜಿ ಎಂದೆ. ಗೊರಕೆ ಎನ್ನಲು ನಾಲಿಗೆ ಬರಲಿಲ್ಲ. ಗಂಡಸರು ಗೊರಕೆ ಹೊಡೆದರೆ ಮನೆಯವರು ತಮಾಷೆ ಮಾಡಿ ಬಿಡುತ್ತಾರೆ. ಹೆಂಗಸು ಹೊಡೆದರೆ ಅವಳ ನಡತೆಯಲ್ಲೇ ಏನೋ ಕೊರತೆ ಇದ್ದ ಹಾಗೆ ನೋಡುತ್ತಾರೆ, ಯಾಕೋ ಕಾಣೆ. ಇರಲಿ. ಆ ರಬ್ಬರು ನಾಲ್ಕು ದಿನಕ್ಕೆ ನನ್ನ ಹೊಳ್ಳೆಯ ಒಳಗೆ ಹುಣ್ಣು ಮಾಡಿತು. ಅದು ಕೆಲವರಿಗೆ ಬಹಳ ಹಿಡಿಸುತ್ತದಂತೆ, ನಮ್ಮ ಹೊಳ್ಳೆ ಕಿರಿದು.

ಮೂರನೆಯದು ಮೂಗಿಗೆ ಮಾತ್ರ ಕೂರುವ ಮಾಸ್ಕು. ಬಾಯಿ ತೆರೆಯದಿರಲಿ ಎಂದು ಗಲ್ಲಕ್ಕೊಂದು ಪಟ್ಟಿ. ಹಿತವಾಗಿಯೇ ಇತ್ತು. ಆದರೆ ಬಲಗಡೆ ಸಣ್ಣಗೆ ಸೀಟಿ ಹೊಡೆದ ಹಾಗೆ ಗಾಳಿ ಸೋರಿ, ಬೆಳಗಾಗುವಷ್ಟರಲ್ಲಿ ಬಲಗಣ್ಣು ಒಣಗಿ ಕೆಂಪಾಗುತ್ತಿತ್ತು. ಕೀರ್ತನಾ ನೋಡಿದ ಕೂಡಲೇ ಕಾರಣ ಹೇಳಿದಳು. ನನ್ನ ಮೂಗುಬೊಟ್ಟು. ಅದು ಅಂಚನ್ನು ಎತ್ತಿಹಿಡಿಯುತ್ತಿತ್ತು. ಬಿಚ್ಚಿಡಿ ಆಂಟಿ ಅಂದಳು. ತಿರುಪು ಕೂತುಬಿಟ್ಟಿದೆ, ಬರುವುದಿಲ್ಲ ಎಂದೆ. ಇದೂ ಸುಳ್ಳು. ಎರಡು ತಿಂಗಳಲ್ಲಿ ನಾನು ಹೇಳಿದ ಸುಳ್ಳುಗಳನ್ನು ಜೋಡಿಸಿದರೆ ಒಂದು ಲಂಗ ಹೊಲಿಯಬಹುದು.

ಮನೆಗೆ ಬಂದು ನನ್ನ ಬುದ್ಧಿ ಓಡಿಸಿದೆ. ಬ್ಲೌಸು ಸಡಿಲವಾದರೆ ಏನು ಮಾಡುತ್ತೇವೆ, ಹಿಡಿಯುತ್ತೇವೆ. ಮಾಸ್ಕಿನ ಪಟ್ಟಿಯನ್ನು ಎರಡೂ ಕಡೆ ಅರ್ಧ ಅಂಗುಲ ಒಳಗೆ ಹಿಡಿದು ಮಿಷಿನ್ನಿನಲ್ಲಿ ಎರಡು ಹೊಲಿಗೆ ಹಾಕಿಬಿಟ್ಟೆ. ಬೆಳಿಗ್ಗೆ ಕೆನ್ನೆಯ ಮೇಲೆ ಬರೆ ಎಳೆದ ಹಾಗೆ ಗುರುತು, ಮೂಗಿನ ಮೇಲೆ ಸಿಪ್ಪೆ ಸುಲಿದ ಗಾಯ, ಸೋರುವುದು ಮೊದಲಿಗಿಂತ ಎರಡರಷ್ಟು. ಮಾಡಿದ್ದುಣ್ಣೋ ಮಹಾರಾಯ. "ಹೊಲಿಗೆ ತುಂಬಾ ಚೆನ್ನಾಗಿದೆ ಆಂಟಿ, ಆದ್ರೆ ಇದು ಬ್ಲೌಸ್ ಅಲ್ಲ" ಎಂದು ಕೀರ್ತನಾ ಬ್ಲೇಡು ತಂದು ಒಂದೊಂದೇ ಹೊಲಿಗೆ ಬಿಚ್ಚಿದಳು. ಮಾಸ್ಕಿನ ಅಂಚಿನಲ್ಲಿ ತೆಳುವಾದ ಎರಡು ಪದರ ಇರುತ್ತದೆ. ಒಳಪದರ ಗಾಳಿಗೆ ಉಬ್ಬಿ ಚರ್ಮಕ್ಕೆ ಕೂರಬೇಕು, ಬಿಗಿದರೆ ಅದು ಅಪ್ಪಚ್ಚಿಯಾಗಿ ಇನ್ನೂ ಸೋರುತ್ತದೆ. ಪಟ್ಟಿಯ ಕೆಳಗೆ ಎರಡು ಬೆರಳು ಆಡುವಷ್ಟು ಸಡಿಲ ಇರಬೇಕು. ಅಳತೆಯನ್ನು ನಿಂತುಕೊಂಡು ಕನ್ನಡಿಯ ಮುಂದೆ ನೋಡಬಾರದು, ಮಲಗಿಕೊಂಡು ಯಂತ್ರ ಓಡುತ್ತಿರುವಾಗ ನೋಡಬೇಕು, ಮಲಗಿದಾಗ ಮುಖದ ಆಕಾರವೇ ಬೇರೆ. ಮುಖಕ್ಕೆ ಎಣ್ಣೆ, ಕ್ರೀಮು ಏನೂ ಇರಬಾರದು, ಜಾರುತ್ತದೆ. ಇಷ್ಟು ವರ್ಷ ಎಲ್ಲರನ್ನೂ ನಿಲ್ಲಿಸಿ ಅಳತೆ ತೆಗೆದ ನಾನು ಇದನ್ನೆಲ್ಲ ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ.

ಆ ದಿನ ಮನೆಗೆ ಬಂದು ಮೂಗುಬೊಟ್ಟಿನ ತಿರುಪಿಗೆ ಕೈ ಹಾಕಿದೆ. ಎರಡೇ ಸುತ್ತಿಗೆ ಬಂತು.

ಯಾಕೆ ಅಷ್ಟು ದಿನ ಬಿಚ್ಚಲಿಲ್ಲ ಎಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ನಿನ್ನ ಅಪ್ಪ ಹೋದ ಹನ್ನೊಂದನೇ ದಿನ ನಿನ್ನ ಸೋದರತ್ತೆ, ಬಳೆ ತೆಗೆದದ್ದಾಯಿತು, ಇನ್ನು ಮೂಗುಬೊಟ್ಟು ಎಂದು ಹತ್ತಿರ ಬಂದಾಗ, ಹನ್ನೊಂದು ವರ್ಷದ ನೀನು ನಡುವೆ ನಿಂತು ಎರಡೂ ಅಂಗೈಯಿಂದ ನನ್ನ ಮೂಗು ಮುಚ್ಚಿಬಿಟ್ಟೆ. "ಇದು ಅಪ್ಪ ಕೊಡ್ಸಿದ್ದಲ್ಲ, ಅಜ್ಜಿ ಹಾಕ್ಸಿದ್ದು, ಯಾರೂ ಮುಟ್ಬೇಡಿ" ಎಂದು ಅಷ್ಟು ಜನರ ಎದುರು ಕೂಗಿದೆ. ಆ ರಾತ್ರಿ ನೀನು ಅದರ ಮೇಲೆ ಬೆರಳಿಟ್ಟುಕೊಂಡೇ ಮಲಗಿದೆ. ಹದಿನಾರು ವರ್ಷ ನಾನು ಅದನ್ನು ಹಾಕಿಕೊಂಡಿದ್ದು ನಿನ್ನ ಮಾತಿಗೆ. ನಿನ್ನನ್ನು ಕೇಳದೆ ಬಿಚ್ಚಿದೆ, ಬೇಜಾರು ಮಾಡಿಕೊಳ್ಳಬೇಡ. ರಾತ್ರಿ ದೇವರ ಮುಂದೆ ಇಟ್ಟು ಮಲಗುತ್ತೇನೆ, ಬೆಳಿಗ್ಗೆ ಮುಖ ತೊಳೆದ ಕೂಡಲೇ ಹಾಕಿಕೊಳ್ಳುತ್ತೇನೆ.

ಅಂದು ಜನವರಿ ಮೂರು. ಆ ರಾತ್ರಿಯಿಂದ ಮೂವತ್ತೆಂಟು ಇದ್ದದ್ದು ಮೂರಕ್ಕೆ ಇಳಿದಿದೆ, ಒಂದೊಂದು ದಿನ ಎರಡು. ದಿನಕ್ಕೆ ಆರೂವರೆ ಏಳು ಗಂಟೆ ನಿದ್ದೆ. ಬೆಳಿಗ್ಗೆ ತಲೆನೋವಿಲ್ಲ. ಕೆನ್ನೆಗೆ ಪಟ್ಟಿಯ ಗುರುತು ಬೀಳದಿರಲಿ ಎಂದು ಮೆತ್ತನೆಯ ಮಲ್ ಬಟ್ಟೆಯಲ್ಲಿ ಸಣ್ಣ ಗವಸು ಹೊಲಿದು ಹಾಕಿದ್ದೇನೆ. ಕೀರ್ತನಾ ಅದನ್ನು ನೋಡಿ, ನಮ್ಮ ಬೇರೆ ಪೇಷೆಂಟುಗಳಿಗೂ ಹತ್ತು ಹೊಲಿದುಕೊಡಿ ಅಂದಳು. ಅಂತೂ ನನ್ನ ವಿದ್ಯೆಗೆ ಅಲ್ಲಿ ಸ್ವಲ್ಪ ಮರ್ಯಾದೆ ಸಿಕ್ಕಿತು.

ಇನ್ನೂ ಮುಖ್ಯವಾದದ್ದು ಕೇಳು. ಮಾಸ್ಕು ಹಾಕಿಕೊಂಡು ಮಲಗಿದ್ದರೂ ಮೇಲಿನ ಮನೆಯ ಕೂಸು ಅತ್ತರೆ ನನಗೆ ಕೇಳಿಸುತ್ತದೆ, ಎದ್ದು ಕೂರುತ್ತೇನೆ. ಮೊದಲು ಹಾಲಿನವನು ಗೇಟು ಬಡಿದರೂ ಕೇಳುತ್ತಿರಲಿಲ್ಲ. ಹಗಲು ಒಂದು ಸಲವೂ ತೂಕಡಿಸಿಲ್ಲ. ಸಂಕ್ರಾಂತಿಯ ದಿನ ಎಳ್ಳು ಕೊಡಲು ಮೇಲೆ ಹೋದಾಗ ಲಕ್ಷ್ಮಿ ನನ್ನ ಮುಖವನ್ನೇ ನೋಡಿ, "ಕಣ್ಣು ಚಲೋ ಆಗ್ಯಾವ್ರಿ" ಎನ್ನುತ್ತಾ ಕೂಸನ್ನು ತಾನಾಗಿಯೇ ನನ್ನ ಮಡಿಲಿಗೆ ಹಾಕಿದಳು. ಪಕ್ಕದಲ್ಲೇ ಕೂತು ತನ್ನ ಅವ್ವ ಅಪ್ಪನ ಸುದ್ದಿ ಹೇಳುತ್ತಾ ಒಂದು ಗಂಟೆ ನನ್ನನ್ನೇ ಕಾಯುತ್ತಿದ್ದಳು, ನನಗೆ ಗೊತ್ತಾಯಿತು. ಕಾಯಲಿ ಎಂದು ಸುಮ್ಮನಿದ್ದೆ. ನಿನ್ನೆ ಬಂದು ಕೂಸನ್ನು ಕೊಟ್ಟು ತರಕಾರಿಗೆ ಹೋದಳು. ಮುಕ್ಕಾಲು ಗಂಟೆ. ನಾನು ಹೊಲಿಗೆ ಮಿಷಿನ್ನಿನ ಹತ್ತಿರವೂ ಹೋಗಲಿಲ್ಲ, ಅದರ ಮುಖ ನೋಡಿಕೊಂಡೇ ಕೂತಿದ್ದೆ.

ಎಂಟನೇ ತಿಂಗಳಲ್ಲಿ ತವರಿಗೆ ಕರೆತರುವ ಹಾಗಿಲ್ಲ. ಮುಂದಿನ ಭಾನುವಾರಕ್ಕೆ ನಿನಗೆ ಒಂಬತ್ತು ಹಿಡಿಯುತ್ತದೆ. ಒಳಗಿನ ಕೋಣೆಯಿಂದ ಇಂಟರ್‌ಲಾಕ್ ಮಿಷಿನ್ನನ್ನು ಹೊರಗೆ ತಂದು ಕೋಣೆಗೆ ಸುಣ್ಣ ಬಳಿಸಿದ್ದೇನೆ. ಕತ್ತರಿ ಮೊಳೆಗೆ ತೂಗುಹಾಕಿದ್ದೇನೆ. ಸಾಂಬ್ರಾಣಿ ಹೊಗೆ ಯಂತ್ರಕ್ಕೆ ಆಗುವುದಿಲ್ಲವಂತೆ, ಅದನ್ನಿಡಲು ಹಜಾರದಲ್ಲಿ ಜಾಗ ಮಾಡಿದ್ದೇನೆ. ನೀನು ಬರಲೇಬೇಕೆಂದು ಹಠ ಮಾಡುವ ಹಕ್ಕನ್ನು ನಾನೇ ಕಳೆದುಕೊಂಡೆ. ಮೇಲಿನದನ್ನೆಲ್ಲ ಓದಿ ನೀನೇ ತೀರ್ಮಾನ ಮಾಡು. ಬೇಡ ಅನ್ನಿಸಿದರೆ ನಾನು ದಿನವೂ ಬೆಳಿಗ್ಗೆ ಬಸ್ಸು ಹತ್ತಿ ಅಲ್ಲಿಗೇ ಬಂದು ಎಣ್ಣೆನೀರು ಹಾಕಿ ಹೋಗುತ್ತೇನೆ. ನಿನ್ನ ಅತ್ತೆಯವರ ಕೈ ಕಾಲು ಹಿಡಿದಾದರೂ ಒಪ್ಪಿಸುತ್ತೇನೆ.

ಸೀಮಂತದ ದಿನ ನಾನು ಮಡಿಲು ತುಂಬುವ ಹೊತ್ತಿಗೆ ನೀನು ಮುಖ ಆ ಕಡೆ ತಿರುಗಿಸಿದ್ದೆ. ಆ ನೋವು ನನಗಿದೆ, ಇಲ್ಲ ಎನ್ನುವುದಿಲ್ಲ. ಆದರೆ ನಿನ್ನ ನೋವು ಅದಕ್ಕಿಂತ ದೊಡ್ಡದು.

ನಿನ್ನ ದಾರಿಯನ್ನೇ ನೋಡುತ್ತಿರುವ,
ಅಮ್ಮ
(ಲತಾ)

ಸಹಿ ಮಾಡಿದ ಮೇಲೂ ಒಂದು ಮಾತು ಉಳಿದಿದೆ. ಮೊದಲೇ ಬರೆದಿದ್ದರೆ ನೀನು ಅಲ್ಲಿಗೇ ಕಾಗದ ಹರಿದುಹಾಕುತ್ತಿದ್ದೆ. ಗುರುವಾರ ಅಳಿಯಂದಿರು ಆಫೀಸಿನಿಂದ ನೇರವಾಗಿ ಇಲ್ಲಿಗೆ ಬಂದಿದ್ದರು. ಶ್ರೀಶ ಅವರ ಮೇಲೆ ಕೋಪ ಮಾಡಿಕೊಳ್ಳಬೇಡ. ಒಂದು ತಿಂಗಳಿಂದ ನೀನು ಹಜಾರದ ಕುರ್ಚಿಯಲ್ಲಿ ಕೂತೇ ಬೆಳಗು ಮಾಡುತ್ತೀಯಂತೆ, ಕೇಳಿದರೆ ಮಗು ಒದೆಯುತ್ತದೆ ಅನ್ನುತ್ತೀಯಂತೆ. ನನ್ನ ಗೊರಕೆಗೆ ನಕ್ಕವರ ನಡುವೆ ಗೊರಕೆ ಹೊಡೆಯಲು ಹೆದರಿ ಹಾಗೆ ಮಾಡುತ್ತಿದ್ದೀಯ ಎಂದು ನನಗೆ ಅರ್ಥವಾಯಿತು. ಕುರ್ಚಿಯಲ್ಲಿ ನಿನ್ನ ಕಣ್ಣು ಮುಚ್ಚಿಹೋದಾಗಿನ ಸದ್ದನ್ನು ಅವರು ಫೋನಿನಲ್ಲಿ ಹಿಡಿದು ತಂದಿದ್ದರು. ಗೊರಕೆ, ಆಮೇಲೆ ಏನೂ ಇಲ್ಲ. ಹದಿನಾಲ್ಕರವರೆಗೆ ಎಣಿಸಿದೆ, ಆಮೇಲೆ ನೀನು ಉಸಿರೆಳೆದುಕೊಂಡೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರಲ್ಲ, ಇದರಲ್ಲೂ ಹಾಗಾಗಬೇಕಿತ್ತೇ ಎಂದು ಅವರ ಎದುರಿಗೇ ಅತ್ತುಬಿಟ್ಟೆ.

ಬಸಿರಿನಲ್ಲಿ ಹೀಗಾಗುವುದುಂಟಂತೆ, ಎಷ್ಟೋ ಜನಕ್ಕೆ ಹೆರಿಗೆಯ ಮೇಲೆ ಹೋಗುತ್ತದಂತೆ. ಆದರೆ ತಡ ಮಾಡಬಾರದು, ನಿನ್ನ ಹೆರಿಗೆ ಡಾಕ್ಟರಿಗೆ ನಾಳೆಯೇ ಹೇಳು. ಬುಧವಾರ ಹನ್ನೊಂದಕ್ಕೆ ವಿಜಯನಗರದಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ಎಂಟನೇ ತಿಂಗಳು ಎಂದು ನೋಡುವುದು ತವರಿಗೆ ಬರುವುದಕ್ಕೆ, ಡಾಕ್ಟರ ಹತ್ತಿರ ಹೋಗುವುದಕ್ಕಲ್ಲ. ತಡವಾಗದಿರಲಿ ಎಂದೇ ಅಂಚೆಗೆ ಹಾಕದೆ ವೀರೇಶನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಒಂದೊಂದು ಮಾಸ್ಕಿನ ಕಥೆಯನ್ನು ಇಷ್ಟುದ್ದ ಬರೆದದ್ದು ನನ್ನ ಪುರಾಣ ಹೇಳಿಕೊಳ್ಳಲು ಅಲ್ಲ ಪುಟ್ಟೀ, ನನ್ನ ಹಾಗೆ ಒಂದು ತಿಂಗಳು ಒದ್ದಾಡದೆ ನಿನಗೆ ಮೊದಲ ದಿನವೇ ಸರಿಯಾದದ್ದು ಸಿಗಲಿ ಎಂದು. ಮೂಗಿನದನ್ನೇ ಕೇಳು, ಸಣ್ಣ ಅಳತೆ.

ಆಮೇಲೆ ಇಲ್ಲಿಗೆ ಬಾ. ಬಂದು ಮಲಗು, ಎಷ್ಟು ಗೊರಕೆಯಾದರೂ ಹೊಡಿ. ನಾನು ಎಚ್ಚರವಾಗಿರುತ್ತೇನೆ.